ಮಾರ್ಫಿನ್ನಿನ ಒಗ್ಗಿಕೆಯೂ ಸಹೌಷಧಗಳೂ: ಪ್ರಯೋಗಪಶುಗಳಿಂದ ತಿಳಿದುಬಂದುದು

ತೀವ್ರವಾದ ನೋವನ್ನು ಶಮನಗೊಳಿಸುವ ಔಷಧಗಳಲ್ಲಿ ಅಫೀಮುವರ್ಗಕ್ಕೆ ಸೇರಿದವುಗಳಿಗೆ ಸರಿಸಾಟಿಯಾದುವು ಇನ್ನೂ ದೊರೆತಿಲ್ಲ. ಜರ್ಮನಿಯ ಔಷಧದಂಗಡಿಯೊಂದರಲ್ಲಿ ಸಹಾಯಕನಾಗಿದ್ದ ಸೆರ್ಟ್ಯೂರ್ನರನು ೧೮೦೫ರ ಸುಮಾರಿನಲ್ಲಿ ಅಫೀಮಿನಿಂದ ಮಾರ್ಫಿನ್ನನ್ನು ಬೇರ್ಪಡಿಸಿದ ಮೇಲೆ ಎರಡು ಶತಮಾನಗಳಿಗೂ ಮಿಕ್ಕ ಕಾಲ ಕಳೆದಿದೆ. ಅದರ ಬಂಧುಗಳಾದ ಸಂಯುಕ್ತಗಳನ್ನು ರಸಾಯನಶಾಸ್ತ್ರಜ್ಞರು ಹೇರಳವಾಗಿ ತಯಾರಿಸಿದ್ದಾರೆ. ಆದರೂ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದವನಿಗೂ ಅರ್ಬುದರೋಗದಿಂದ ನರಳುತ್ತಿರುವವನಿಗೂ ವೈದ್ಯನು ಕೊನೆಗೆ ಮೊರೆಹೋಗುವುದು ಈ ವರ್ಗಕ್ಕೇ. ಇಷ್ಟು ಗುಣವುಳ್ಳ ಮದ್ದಿನಲ್ಲಿ ಒಂದು ದೊಡ್ಡ ಕೊರತೆಯುಂಟು. ಮೊದಲ ದಿನ ನೋವನ್ನು ಅಡಗಿಸಿದ ಪ್ರಮಾಣವು ದಿನಗಳು ಉರುಳಿದಂತೆ ಅಷ್ಟೇ ನೋವನ್ನು ಅಡಗಿಸಲಾರದಾಗುತ್ತದೆ. ಅದೇ ಫಲವನ್ನು ಪಡೆಯಲು ಪ್ರಮಾಣವನ್ನು ಏರಿಸಬೇಕಾಗುತ್ತದೆ. ಅಫೀಮು ತಿನ್ನುವವನ ಗುಳಿಗೆ ವರುಷದಿಂದ ವರುಷಕ್ಕೆ ದಪ್ಪವಾಗುತ್ತ ಹೋಗುವುದನ್ನು ನಮ್ಮ ಹಿರಿಯರು ಪ್ರಯೋಗಶಾಲೆಯ ನೆರವಿಲ್ಲದೆಯೇ ಕಂಡಿದ್ದರು.

ಈ ವಿದ್ಯಮಾನಕ್ಕೆ ಕನ್ನಡದಲ್ಲಿ ಸಹಿಷ್ಣುತೆ ಎಂಬ ಶಬ್ದವನ್ನು ಬಳಸುವ ರೂಢಿಯುಂಟು. ಆದರೆ ಆ ಶಬ್ದಕ್ಕೆ ಮನಸ್ಸಿನ ಗುಣವೊಂದರ ಛಾಯೆ ಬಲವಾಗಿ ಅಂಟಿಕೊಂಡಿರುವುದರಿಂದ ನಾವು ಇಲ್ಲಿ ಒಗ್ಗಿಕೆ ಎಂಬ ದೇಸಿ ಮಾತನ್ನೇ ಆರಿಸಿಕೊಂಡಿದ್ದೇವೆ. ದೇಹವು ಮದ್ದಿಗೆ ಒಗ್ಗಿಹೋಗುವುದೇ ಒಗ್ಗಿಕೆ. ಇದನ್ನು ಅವಲಂಬನೆಯೊಡನೆ ಬೆರೆಸಬಾರದು. ಮದ್ದನ್ನು ಥಟ್ಟನೆ ನಿಲ್ಲಿಸಿದಾಗ ಬೆವರು, ನಡುಕ, ಭೇದಿ ಮೊದಲಾದ ನಿಲುಗಡೆಯ ಲಕ್ಷಣಗಳು ತೋರಿದರೆ ಅದು ಅವಲಂಬನೆ. ಕೇಡೆಂದು ತಿಳಿದೂ ಮದ್ದನ್ನು ಅರಸಿಕೊಂಡು ಹೋಗುವ ಚಟವು ಇವೆರಡರಿಂದಲೂ ಬೇರೆಯಾದ ಮೂರನೆಯ ಸಂಗತಿ. ಈ ಮೂರೂ ಅನೇಕವೇಳೆ ಒಟ್ಟೊಟ್ಟಿಗೆ ಕಾಣಿಸಿಕೊಂಡರೂ ಒಂದೇ ಬೇರಿನಿಂದ ಹುಟ್ಟಿದವಲ್ಲ. ೨೦೦೦ದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಬೋನ್ ಮತ್ತು ಅವರ ಸಹೋದ್ಯೋಗಿಗಳು ಬೀಟಾ-ಅರೆಸ್ಟಿನ್-೨ ಎಂಬ ಪ್ರೋಟೀನನ್ನು ತಯಾರಿಸಲಾರದ ಸುಂಡಿಲಿಗಳನ್ನು ಪರೀಕ್ಷಿಸಿದಾಗ, ಅವು ಮಾರ್ಫಿನ್ನಿನ ನೋವುಶಮನಕ್ಕೆ ಒಗ್ಗಿಕೊಳ್ಳಲಿಲ್ಲ. ಆದರೆ ಅವುಗಳಲ್ಲಿ ಅವಲಂಬನೆ ಮಾತ್ರ ಎಂದಿನಂತೆಯೇ ಬೆಳೆಯಿತು. ಒಂದನ್ನು ತಡೆದ ಮಾತ್ರಕ್ಕೆ ಇನ್ನೊಂದನ್ನೂ ತಡೆದಂತಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಮಾರ್ಫಿನ್ನಿನ ಜೊತೆಯಲ್ಲಿ ಮತ್ತೊಂದು ಮದ್ದನ್ನು ಕೊಟ್ಟು ಒಗ್ಗಿಕೆಯನ್ನು ತಗ್ಗಿಸಬಹುದೆ ಎಂಬ ಪ್ರಶ್ನೆ ಹಲವು ದಶಕಗಳಿಂದ ಔಷಧವಿಜ್ಞಾನಿಗಳ ಮುಂದಿದೆ. ಇಂಥ ಜೊತೆಮದ್ದನ್ನು ನಾವು ಸಹೌಷಧವೆಂದು ಕರೆಯುತ್ತೇವೆ. ಆಯುರ್ವೇದದ ಅನುಪಾನವನ್ನು ಬಲ್ಲ ವಾಚಕರು ಎರಡನ್ನೂ ಒಂದೆಂದು ಎಣಿಸಲಾಗದು. ಜೇನು, ತುಪ್ಪ ಮೊದಲಾದ ಅನುಪಾನಗಳು ಮುಖ್ಯ ಔಷಧವನ್ನು ದೇಹಕ್ಕೆ ಒಯ್ಯುವ ಅಥವಾ ಅದರ ಗುಣವನ್ನು ಹೆಚ್ಚಿಸುವ ಉದ್ದೇಶದವು. ಇಲ್ಲಿ ನಾವು ಬಯಸುವ ಸಹೌಷಧವಾದರೋ ಮುಖ್ಯ ಔಷಧದ ಇಂದಿನ ಫಲವನ್ನು ಹೆಚ್ಚಿಸಬೇಕಾಗಿಲ್ಲ. ನಾಳೆಯ ಫಲವು ಕುಂದದಂತೆ ಕಾಯಬೇಕು. ಈ ಭೇದವು ಮೇಲುನೋಟಕ್ಕೆ ಅಲ್ಪವಾಗಿ ಕಂಡರೂ ಈ ಕ್ಷೇತ್ರದ ಗೊಂದಲಗಳಲ್ಲಿ ಬಹುಪಾಲು ಅದನ್ನು ಮರೆತುದರಿಂದಲೇ ಉಂಟಾಗಿವೆ ಎಂಬುದು ನಮ್ಮ ಅಭಿಪ್ರಾಯ. ಆದಕಾರಣ ಅಳೆಯುವ ಬಗೆಯನ್ನು ಮೊದಲು ವಿವರಿಸುವುದು ಯುಕ್ತ.

ಇಲಿಯ ನೋವನ್ನು ಅದರ ಬಾಯಿಂದ ಕೇಳಿ ತಿಳಿಯುವಂತಿಲ್ಲ, ನಡವಳಿಕೆಯಿಂದ ಊಹಿಸಬೇಕು. ೧೯೪೧ರಲ್ಲಿ ಡಾಮೂರ್ ಮತ್ತು ಸ್ಮಿತ್ ಎಂಬವರು ವರ್ಣಿಸಿದ ಬಾಲದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಇಲಿಯ ಬಾಲದ ಮೇಲೆ ಪ್ರಖರವಾದ ಬೆಳಕನ್ನು ಕೇಂದ್ರೀಕರಿಸಿದರೆ ಕೆಲವು ಸೆಕೆಂಡುಗಳಲ್ಲಿ ಅದು ಬಾಲವನ್ನು ಸರಕ್ಕನೆ ಎಳೆದುಕೊಳ್ಳುತ್ತದೆ. ಮಾರ್ಫಿನ್ ಪಡೆದ ಇಲಿ ತಡವಾಗಿ ಎಳೆದುಕೊಳ್ಳುತ್ತದೆ. ಚರ್ಮ ಸುಡದಂತೆ, ಗೊತ್ತುಮಾಡಿದ ಗಡುವು ಮುಟ್ಟಿದೊಡನೆ ಬೆಳಕನ್ನು ಆರಿಸಲಾಗುತ್ತದೆ. ೧೯೪೪ರಲ್ಲಿ ವುಲ್ಫ್ ಮತ್ತು ಮ್ಯಾಕ್‌ಡೊನಾಲ್ಡ್ ವರ್ಣಿಸಿದ ಬಿಸಿತಟ್ಟೆಯ ಪರೀಕ್ಷೆ ಎರಡನೆಯದು. ಸಾಮಾನ್ಯವಾಗಿ ೫೫ ಡಿಗ್ರಿ ಸೆಂಟಿಗ್ರೇಡಿನ ತಟ್ಟೆಯ ಮೇಲೆ ಬಿಟ್ಟ ಪ್ರಾಣಿ ಪಾದವನ್ನು ನೆಕ್ಕುವವರೆಗೆ ಅಥವಾ ಜಿಗಿಯುವವರೆಗೆ ಹಿಡಿಯುವ ಕಾಲವನ್ನು ಗುರುತಿಸುತ್ತಾರೆ. ಬಾಲವನ್ನು ಎಳೆದುಕೊಳ್ಳುವುದು ಬೆನ್ನುಹುರಿಯ ಪ್ರತಿಕ್ರಿಯೆ. ಪಾದವನ್ನು ನೆಕ್ಕುವುದಕ್ಕೆ ಮಿದುಳೂ ಬೇಕು. ಇವೆರಡೂ ಒಂದೇ ಉತ್ತರವನ್ನು ಕೊಡಬೇಕೆಂಬ ನಿಯಮವೇನೂ ಇಲ್ಲ. ಮತ್ತೊಂದು ಎಚ್ಚರವೂ ಅಗತ್ಯ: ಇಲಿಯನ್ನು ಮಂಕುಗೊಳಿಸುವ ಅಥವಾ ಅದರ ಕಾಲು ತೊಡರಿಸುವ ಯಾವ ಮದ್ದಾದರೂ ಈ ಪರೀಕ್ಷೆಗಳಲ್ಲಿ ವೇದನಾಶಾಮಕದ ವೇಷವನ್ನು ಧರಿಸಬಲ್ಲದು.

ಈಗ ಒಗ್ಗಿಕೆಯ ಲೆಕ್ಕಕ್ಕೆ ಬರೋಣ. ಗುಂಪಿನ ಪ್ರಾಣಿಗಳಲ್ಲಿ ಗರಿಷ್ಠ ಫಲದ ಅರ್ಧದಷ್ಟನ್ನು ಉಂಟುಮಾಡುವ ಪ್ರಮಾಣವನ್ನು ಅರ್ಧಫಲ ಪ್ರಮಾಣವೆನ್ನೋಣ. ವಿವರಣೆಗಾಗಿ ನಾವು ಕಲ್ಪಿಸಿಕೊಂಡ ಅಂಕಿಗಳು ಇವು: ಮೊದಲ ದಿನ ಮಾರ್ಫಿನ್ನಿನ ಅರ್ಧಫಲ ಪ್ರಮಾಣವು ದೇಹತೂಕದ ಕಿಲೋಗ್ರಾಮಿಗೆ ೪ ಮಿಲಿಗ್ರಾಮು. ಒಂದು ವಾರ ದಿನವೂ ಚುಚ್ಚುಮದ್ದು ಕೊಟ್ಟ ಮೇಲೆ ಅದು ೧೬ಕ್ಕೆ ಏರಿತು. ಎಂದರೆ ಒಗ್ಗಿಕೆ ನಾಲ್ಕು ಮಡಿ. ಈಗ ಒಂದು ಸಹೌಷಧವನ್ನು ಕೂಡಿಸಿದಾಗ ಮೊದಲ ದಿನವೇ ಅರ್ಧಫಲ ಪ್ರಮಾಣ ೧ಕ್ಕೆ ಇಳಿದು, ವಾರದ ಕೊನೆಗೆ ೪ಕ್ಕೆ ಬಂದಿತೆಂದು ತಿಳಿಯೋಣ. ವಾರದ ಕೊನೆಯಲ್ಲಿ ಮಾತ್ರ, ೮ ಮಿಲಿಗ್ರಾಮಿನ ಒಂದೇ ಪ್ರಮಾಣದಿಂದ ಪರೀಕ್ಷಿಸಿದವನಿಗೆ ಮಾರ್ಫಿನ್ ಮಾತ್ರ ಪಡೆದ ಇಲಿಗಳು ನೋವಿನಿಂದ ಬಾಲವನ್ನೆಳೆಯುವುದೂ ಸಹೌಷಧ ಪಡೆದವು ನೆಮ್ಮದಿಯಾಗಿರುವುದೂ ಕಾಣುತ್ತದೆ; ಒಗ್ಗಿಕೆ ಮಾಯವಾಯಿತೆಂದು ಅವನು ಬರೆದುಬಿಡುತ್ತಾನೆ. ವಾಸ್ತವದಲ್ಲಿ ಒಂದರಿಂದ ನಾಲ್ಕಕ್ಕೆ ಏರಿದುದೂ ನಾಲ್ಕು ಮಡಿಯೇ. ಸಹೌಷಧವು ಮಾರ್ಫಿನ್ನಿಗೆ ಬಲ ಕೊಟ್ಟಿದೆ, ಒಗ್ಗಿಕೆಯನ್ನು ಮುಟ್ಟಿಯೂ ಇಲ್ಲ. ಮತ್ತೊಂದು ಸಹೌಷಧದಿಂದ ಮೊದಲ ದಿನದ ಪ್ರಮಾಣ ೪ ಆಗಿಯೇ ಉಳಿದು, ವಾರದ ಕೊನೆಗೆ ೫ ಆದರೆ, ನಾವು ಅರಸುತ್ತಿರುವುದು ಅದನ್ನು. ಆದಕಾರಣ ಮೊದಲ ದಿನದ ಅಳತೆಯಿಲ್ಲದ ಪ್ರಬಂಧವನ್ನು ನಾವು ಅನುಮಾನದಿಂದಲೇ ಓದುತ್ತೇವೆ.

ಸುವ್ಯವಸ್ಥಿತವಾದ ಪ್ರಯೋಗದಲ್ಲಿ ಕನಿಷ್ಠಪಕ್ಷ ನಾಲ್ಕು ಗುಂಪುಗಳಿರಬೇಕು: ಬರಿಯ ಲವಣಜಲ ಪಡೆದವು, ಮಾರ್ಫಿನ್ ಮಾತ್ರ ಪಡೆದವು, ಸಹೌಷಧ ಮಾತ್ರ ಪಡೆದವು, ಎರಡನ್ನೂ ಪಡೆದವು. ಕೊನೆಯ ಪರೀಕ್ಷೆಯನ್ನು ಸಹೌಷಧವು ದೇಹದಿಂದ ಹೊರಬಿದ್ದ ಮೇಲೆ ಮಾರ್ಫಿನ್ ಒಂದರಿಂದಲೇ ನಡೆಸಬೇಕು. ಹಾಗಲ್ಲದಿದ್ದರೆ ಒಗ್ಗಿಕೆಯು ಬೆಳೆಯದಂತೆ ತಡೆದುದೋ, ಬೆಳೆದುದು ಆ ಹೊತ್ತಿಗೆ ಮರೆಯಾದುದೋ ತಿಳಿಯುವುದಿಲ್ಲ.

ಒಗ್ಗಿಕೆಯ ಒಳಗಿನ ಕಾರಣಗಳನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇವೆ. ಮಾರ್ಫಿನ್ ಅಂಟಿಕೊಳ್ಳುವ ಗ್ರಾಹಕಗಳು ನರಕೋಶಗಳ ಪೊರೆಯಲ್ಲಿವೆ ಎಂಬುದನ್ನು ೧೯೭೩ರಲ್ಲಿ ಮೂರು ಪ್ರಯೋಗಶಾಲೆಗಳು ಬೇರೆಬೇರೆಯಾಗಿ ತೋರಿಸಿದುವು. ಮಾರ್ಫಿನ್ ಪದೇ ಪದೇ ಬಂದು ತಟ್ಟಿದರೆ ಗ್ರಾಹಕವು ಕೋಶದೊಳಗಿನ ಯಂತ್ರದಿಂದ ಕಳಚಿಕೊಂಡು ಕಿವುಡಾಗುತ್ತದೆ. ಇದು ಒಂದು ಬಗೆ. ಎರಡನೆಯದನ್ನು ೧೯೭೫ರಲ್ಲಿ ಶರ್ಮ, ಕ್ಲೀ ಮತ್ತು ನಿರೆನ್‌ಬರ್ಗ್ ಎಂಬವರು ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕೋಶಗಳಲ್ಲಿ ತೋರಿಸಿದರು: ಮಾರ್ಫಿನ್ ಮೊದಲು ಅಡಗಿಸಿದ ಅಡೆನಿಲೇಟ್ ಸೈಕ್ಲೇಸ್ ಎಂಬ ಕಿಣ್ವವು ದಿನಕಳೆದಂತೆ ಹೆಚ್ಚಿ, ಮಾರ್ಫಿನ್ನಿನ ಒತ್ತಡವನ್ನು ಸರಿದೂಗಿಸುತ್ತದೆ, ಒತ್ತಡ ತೆಗೆದೊಡನೆ ಅದು ಉಕ್ಕಿ ಬರುತ್ತದೆ. ಮೂರನೆಯ ಬಗೆಯಲ್ಲಿ ಮಾರ್ಫಿನ್ನನ್ನು ಎದುರಿಸುವ ಬೇರೆ ನರಮಾರ್ಗಗಳೇ ಬಲಗೊಳ್ಳುತ್ತವೆ. ಸಹೌಷಧಗಳ ಇತಿಹಾಸವೆಲ್ಲ ಬಹುಮಟ್ಟಿಗೆ ಈ ಮೂರನೆಯ ಬಗೆಯ ಬೆನ್ನಟ್ಟಿ ಹೋದ ಕಥೆ.

ಆ ಕಥೆಯಲ್ಲಿ ೧೯೯೧ನೆಯ ವರ್ಷ ಮುಖ್ಯವಾದುದು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಟ್ರುಹಿಯೊ ಮತ್ತು ಹುದಾ ಅಕಿಲ್ ಇಲಿಗಳಿಗೆ ಮಾರ್ಫಿನ್ನಿನೊಡನೆ ಎಂಕೆ-೮೦೧ ಎಂಬ ಸಂಯುಕ್ತವನ್ನು ಕೊಟ್ಟರು. ನರಕೋಶಗಳನ್ನು ಪ್ರಚೋದಿಸುವ ಗ್ಲುಟಮೇಟಿಗೆ ಹಲವು ಗ್ರಾಹಕಗಳಿವೆ. ಅವುಗಳಲ್ಲಿ ಎನ್‌ಎಂಡಿಎ ಎಂದು ಹೆಸರಾದುದನ್ನು ಈ ಸಂಯುಕ್ತ ಮುಚ್ಚುತ್ತದೆ. ಒಮ್ಮೆ ಮಾತ್ರ ಕೊಟ್ಟ ಮಾರ್ಫಿನ್ನಿನ ನೋವುಶಮನವು ಎಂಕೆ-೮೦೧ರಿಂದ ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲ. ಆದರೆ ದಿನಗಟ್ಟಲೆ ಜೊತೆಯಾಗಿ ಕೊಟ್ಟಾಗ ಒಗ್ಗಿಕೆಯ ಬೆಳವಣಿಗೆ ತಗ್ಗಿತು. ನಾಲೊಕ್ಸೋನ್ ಕೊಟ್ಟು ಎಬ್ಬಿಸಿದ ನಿಲುಗಡೆಯ ಲಕ್ಷಣಗಳೂ ತಗ್ಗಿದುವು. ಮೇಲೆ ಹೇಳಿದ ಎರಡನೆಯ ಸಹೌಷಧದ ಲಕ್ಷಣ ಇಲ್ಲಿ ಕಂಡಿತು. ಎನ್‌ಎಂಡಿಎ ಗ್ರಾಹಕವು ಕಲಿಕೆಯಲ್ಲಿಯೂ ನೆನಪಿನಲ್ಲಿಯೂ ಪಾತ್ರವಹಿಸುವುದೆಂದು ಆ ವೇಳೆಗೆ ತಿಳಿದಿತ್ತು. ಹಾಗಾದರೆ ಒಗ್ಗಿಕೆಯೆಂಬುದು ನರಮಂಡಲದ ಒಂದು ಬಗೆಯ ಕಲಿಕೆಯೆ? ಪ್ರಶ್ನೆ ಆಕರ್ಷಕವಾಗಿತ್ತು, ಅದಕ್ಕೆ ಹಿಂದೆಯೇ ಬೇರೊಂದು ದಿಕ್ಕಿನಿಂದ ಬೆಂಬಲವೂ ಬಂದಿತ್ತು.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸೀಗೆಲ್ ೧೯೭೫ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ನಾವು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇವೆ. ಒಂದು ಕೋಣೆಯಲ್ಲಿ ಮಾರ್ಫಿನ್ ಪಡೆಯುತ್ತ ಬಂದ ಇಲಿ ಅದೇ ಕೋಣೆಯಲ್ಲಿ ಒಗ್ಗಿಕೆಯನ್ನು ತೋರುತ್ತದೆ; ಅದೇ ಮದ್ದನ್ನು ಅಪರಿಚಿತವಾದ ಸನ್ನಿವೇಶದಲ್ಲಿ ಕೊಟ್ಟರೆ ಒಗ್ಗಿಕೆ ಬಹಳಮಟ್ಟಿಗೆ ಇಲ್ಲವಾಗಿ ಮದ್ದು ಹೊಸದರಂತೆ ಕೆಲಸಮಾಡುತ್ತದೆ. ಕೋಣೆಯ ವಾಸನೆ, ಬೆಳಕು, ಸೂಜಿಯ ಸ್ಪರ್ಶ ಇವೆಲ್ಲ ಬರಲಿರುವ ಮದ್ದಿನ ಮುನ್ಸೂಚನೆಗಳಾಗಿ ದೇಹವು ಮುಂಚಿತವಾಗಿಯೇ ಎದುರುಸಿದ್ಧತೆ ಮಾಡಿಕೊಳ್ಳುತ್ತದೆಂಬುದು ಸೀಗೆಲನ ವಿವರಣೆ. ೧೯೮೨ರಲ್ಲಿ ಆತನೂ ಸಂಗಡಿಗರೂ ಹೆರಾಯಿನ್ನಿಗೆ ಒಗ್ಗಿದ ಇಲಿಗಳಿಗೆ ಭಾರಿ ಪ್ರಮಾಣವನ್ನು ಕೊಟ್ಟಾಗ, ಪರಿಚಿತ ಸ್ಥಳದಲ್ಲಿ ಸತ್ತವುಗಳಿಗಿಂತ ಅಪರಿಚಿತ ಸ್ಥಳದಲ್ಲಿ ಸತ್ತವುಗಳ ಪಾಲು ಸುಮಾರು ಇಮ್ಮಡಿಯಾಗಿತ್ತು. ಸಹೌಷಧವನ್ನು ಪರೀಕ್ಷಿಸುವವರಿಗೆ ಇದರಿಂದ ಒಂದು ತೊಡಕು ಒದಗುತ್ತದೆ. ಸಹೌಷಧವು ಮಾರ್ಫಿನ್ನಿನ ಗ್ರಾಹಕದ ತಂಟೆಗೇ ಹೋಗದೆ, ಕೋಣೆಯನ್ನು ಗುರುತಿಟ್ಟುಕೊಳ್ಳುವ ಇಲಿಯ ಶಕ್ತಿಯನ್ನು ಮಾತ್ರ ಕೆಡಿಸಿದ್ದರೂ ಒಗ್ಗಿಕೆ ತಗ್ಗಿದಂತೆಯೇ ಕಾಣುವುದು. ಕಲಿಕೆಗೆ ಅಡ್ಡಿಮಾಡುವ ಎಂಕೆ-೮೦೧ರ ವಿಷಯದಲ್ಲಿ ಈ ಸಂದೇಹ ಸಹಜವಾದುದು. ಅದೂ ಅಲ್ಲದೆ ಇದೇ ಗುಂಪಿನ ಮದ್ದುಗಳು ಇಲಿಯ ಮಿದುಳಿನ ತೊಗಟೆಯ ಕೆಲವು ಕೋಶಗಳಲ್ಲಿ ಗುಳ್ಳೆಗಳನ್ನು ಎಬ್ಬಿಸುತ್ತವೆಂದು ಆಲ್ನಿ ಮೊದಲಾದವರು ೧೯೮೯ರಲ್ಲೇ ತೋರಿಸಿದ್ದರು. ಆದ್ದರಿಂದ ಎಂಕೆ-೮೦೧ ರೋಗಿಗಳಿಗೆ ಕೊಡತಕ್ಕ ಔಷಧವಾಗುವಂತಿರಲಿಲ್ಲ.

ಬೇರೆ ಸಹೌಷಧಗಳ ಪಟ್ಟಿ ಉದ್ದವಾದುದು. ಷಿಕಾಗೋದಲ್ಲಿದ್ದ ಹೇಮೇಂದ್ರ ಭಾರ್ಗವರು ೧೯೯೪ರಲ್ಲಿ ಬರೆದ ಸಮೀಕ್ಷೆಯೊಂದನ್ನು ನೋಡಿದರೂ ಅದರ ವಿಸ್ತಾರ ಮನದಟ್ಟಾಗುತ್ತದೆ. ಕೆಲವನ್ನು ಮಾತ್ರ ಇಲ್ಲಿ ಹೆಸರಿಸುತ್ತೇವೆ. ಕೋಲಿಸಿಸ್ಟೊಕೈನಿನ್ ಎಂಬ ಪೆಪ್ಟೈಡು ಮಾರ್ಫಿನ್ನಿಗೆ ಎದುರಾಳಿಯೆಂದು ತಿಳಿದ ಮೇಲೆ, ಅದನ್ನು ತಡೆಯುವ ಪ್ರೊಗ್ಲುಮೈಡ್ ಇಲಿಗಳಲ್ಲಿ ಮಾರ್ಫಿನ್ನಿಗೆ ಬಲ ಕೊಟ್ಟು ಒಗ್ಗಿಕೆಯನ್ನೂ ಹಿಂದಿರುಗಿಸಿದಂತೆ ತೋರಿತೆಂದು ೧೯೮೪ರಲ್ಲಿ ವಾಟ್ಕಿನ್ಸ್ ಮತ್ತು ಸಂಗಡಿಗರು ವರದಿಮಾಡಿದರು. ಲೇಖಕರು ತಾವೇ 'ತೋರಿಕೆಯ' ಎಂಬ ವಿಶೇಷಣವನ್ನು ಶೀರ್ಷಿಕೆಯಲ್ಲಿ ಸೇರಿಸಿದ್ದುದು ಮೆಚ್ಚತಕ್ಕ ವಿವೇಕ. ನೈಟ್ರಿಕ್ ಆಕ್ಸೈಡಿನ ತಯಾರಿಕೆಯನ್ನು ತಡೆದರೂ ಸುಂಡಿಲಿಗಳಲ್ಲಿ ಒಗ್ಗಿಕೆ ನಿಲ್ಲುತ್ತದೆಂದು ೧೯೯೨-೯೩ರಲ್ಲಿ ನ್ಯೂಯಾರ್ಕಿನ ಪಾಸ್ಟರ್ನಾಕರ ತಂಡ ಕಂಡಿತು. ನಮ್ಮ ದೇಶದಲ್ಲಿ ಎಸ್. ಕೆ. ಕುಲಕರ್ಣಿ ಮತ್ತು ನಿನಾನ್ ೧೯೯೭ರಲ್ಲಿ ಅಶ್ವಗಂಧದ ಸಾರವು ಸುಂಡಿಲಿಗಳಲ್ಲಿ ಮಾರ್ಫಿನ್ನಿನ ಒಗ್ಗಿಕೆಯನ್ನೂ ಅವಲಂಬನೆಯನ್ನೂ ತಗ್ಗಿಸುವುದೆಂದು ಪ್ರಕಟಿಸಿದರು. ಗಿಡಮೂಲಿಕೆಯ ಸಾರದಲ್ಲಿ ಹಲವು ದ್ರವ್ಯಗಳು ಕೂಡಿರುವುದರಿಂದ ಯಾವುದು ಯಾವ ಗ್ರಾಹಕದ ಮೇಲೆ ಕೆಲಸಮಾಡಿತೆಂದು ಹೇಳುವುದು ಕಷ್ಟವಾದರೂ ಆ ದಾರಿ ಉಪೇಕ್ಷಿಸತಕ್ಕುದಲ್ಲ. ರಕ್ತದ ಅರ್ಬುದಕ್ಕೆ ಕೊಡುವ ಇಮಾಟಿನಿಬ್ ಇಲಿಗಳಲ್ಲಿ ಆಗಲೇ ಬೆಳೆದಿದ್ದ ಒಗ್ಗಿಕೆಯನ್ನೂ ಅಳಿಸಿತೆಂದು ೨೦೧೨ರಲ್ಲಿ ಗಟ್‌ಸ್ಟೈನರ ತಂಡ ತೋರಿಸಿದುದು ಅನೇಕರನ್ನು ಬೆರಗುಗೊಳಿಸಿತು.

ಇವೆಲ್ಲಕ್ಕಿಂತ ವಿಚಿತ್ರವಾದುದು ಕ್ರೇನ್ ಮತ್ತು ಷೆನ್ ೧೯೯೫ರಲ್ಲಿ ಹೇಳಿದ ಸಂಗತಿ. ನಾಲೊಕ್ಸೋನ್, ನಾಲ್ಟ್ರೆಕ್ಸೋನ್ ಇವು ಮಾರ್ಫಿನ್ನಿನ ಕಡುವಿರೋಧಿಗಳು. ಅದನ್ನು ಗ್ರಾಹಕದಿಂದ ತಳ್ಳಿಹಾಕುತ್ತವೆ. ಅಂಥ ವಿರೋಧಿಯನ್ನೇ ಅತ್ಯಲ್ಪವಾಗಿ, ಮಾರ್ಫಿನ್ನನ್ನು ಮಿಲಿಗ್ರಾಮುಗಳಲ್ಲಿ ಅಳೆಯುವಲ್ಲಿ ಇದನ್ನು ನ್ಯಾನೋಗ್ರಾಮುಗಳಲ್ಲಿ ಅಳೆದು ಕೂಡಿಸಿದರೆ, ಸುಂಡಿಲಿಗಳಲ್ಲಿ ನೋವುಶಮನ ಹೆಚ್ಚಿ ಒಗ್ಗಿಕೆ ಕಡಿಮೆಯಾಗುತ್ತದೆಂದು ಅವರು ವಾದಿಸಿದರು. ನ್ಯಾನೋಗ್ರಾಮು ಮಿಲಿಗ್ರಾಮಿನ ಹತ್ತು ಲಕ್ಷದ ಒಂದು ಪಾಲು ಮಾತ್ರ. ಗ್ರಾಹಕವು ಕೋಶವನ್ನು ಅಡಗಿಸುವ ಕೆಲಸದ ಜೊತೆಗೆ ಪ್ರಚೋದಿಸುವ ಕೆಲಸವನ್ನೂ ಮಾಡಬಲ್ಲುದು, ಅಲ್ಪಪ್ರಮಾಣದ ವಿರೋಧಿಯು ಎರಡನೆಯದನ್ನು ಮಾತ್ರ ತಡೆಯುವುದು ಎಂಬುದು ಅವರ ಊಹೆ. ಈ ತತ್ವದ ಮೇಲೆ ಆಕ್ಸಿಕೊಡೋನಿನೊಡನೆ ನಾಲ್ಟ್ರೆಕ್ಸೋನನ್ನು ಕೂಡಿಸಿದ ಗುಳಿಗೆಯೊಂದು ಮನುಷ್ಯರ ಪರೀಕ್ಷೆಯವರೆಗೆ ಬಂದಿತಾದರೂ ಬಳಕೆಯ ಔಷಧವಾಗಿ ನೆಲೆಯೂರಲಿಲ್ಲ.

ಪ್ರಾಣಿಗಳಲ್ಲಿ ಇಷ್ಟೊಂದು ಸಫಲತೆ ಕಂಡುದು ಮನುಷ್ಯರಲ್ಲಿ ಏನಾಯಿತು? ಇದಕ್ಕೆ ನೇರವಾದ ಉತ್ತರ ಕೊಟ್ಟ ಪರೀಕ್ಷೆ ಡೆಕ್ಸ್‌ಟ್ರೋಮೆಥಾರ್ಫಾನಿನದು. ಕೆಮ್ಮಿನ ಔಷಧಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಈ ದ್ರವ್ಯವೂ ಎನ್‌ಎಂಡಿಎ ಗ್ರಾಹಕವನ್ನು ಸೌಮ್ಯವಾಗಿ ಮುಚ್ಚುತ್ತದೆ. ಪ್ರಾಣಿಗಳಲ್ಲಿ ಒಗ್ಗಿಕೆಯನ್ನು ತಡೆದಿತ್ತು. ಎಂಕೆ-೮೦೧ರಷ್ಟು ಭಯಕ್ಕೂ ಕಾರಣವಿರಲಿಲ್ಲ. ಮಾರ್ಫಿನ್ನಿಗೆ ಸಮಭಾಗವಾಗಿ ಇದನ್ನು ಸೇರಿಸಿ ಮಾರ್ಫಿಡೆಕ್ಸ್ ಎಂಬ ಮಿಶ್ರಣವನ್ನು ತಯಾರಿಸಿದರು. ದೀರ್ಘಕಾಲದ ನೋವುಳ್ಳ ರೋಗಿಗಳಲ್ಲಿ ನಡೆಸಿದ ಮೂರು ನಿಯಂತ್ರಿತ ಪರೀಕ್ಷೆಗಳ ಫಲಿತಾಂಶ ೨೦೦೫ರಲ್ಲಿ ಪ್ರಕಟವಾಯಿತು: ಮಿಶ್ರಣವು ನೋವುಶಮನವನ್ನು ಹೆಚ್ಚಿಸಲಿಲ್ಲ, ಒಗ್ಗಿಕೆಯನ್ನು ತಗ್ಗಿಸಲೂ ಇಲ್ಲ. ಕೆಟಮಿನ್ ಎಂಬ ಇದೇ ಜಾತಿಯ ಮದ್ದು ಶಸ್ತ್ರಚಿಕಿತ್ಸೆಯ ನಂತರ ಬೇಕಾಗುವ ಮಾರ್ಫಿನ್ನಿನ ಮೊತ್ತವನ್ನು ಇಳಿಸುತ್ತದೆಂಬುದು ನಿಜ. ಆದರೆ ಅದು ಸ್ವತಃ ವೇದನಾಶಾಮಕವಾದುದರಿಂದ ನಮ್ಮ ಕಲ್ಪಿತ ಅಂಕಿಗಳ ಮೊದಲನೆಯ ಸಹೌಷಧದ ಸಾಲಿಗೆ ಸೇರುವುದೋ ಎರಡನೆಯದರ ಸಾಲಿಗೋ ಹೇಳಲಾಗದು.

ಈ ವೈಫಲ್ಯಕ್ಕೆ ಇಲಿಯನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಪ್ರಯೋಗಗಳಲ್ಲಿ ಬಹುಪಾಲು ನೋವೇ ಇಲ್ಲದ, ಆರೋಗ್ಯವಂತವಾದ ಎಳೆಯ ಗಂಡು ಪ್ರಾಣಿಗಳ ಮೇಲೆ ನಡೆದವು. ರೋಗಿಗೆ ನೋವಿದ್ದೇ ಮಾರ್ಫಿನ್ ಬೇಕಾಗುತ್ತದೆ. ನರಕ್ಕೆ ಗಾಯವಾದ ಇಲಿಯ ಬೆನ್ನುಹುರಿಯಲ್ಲಿಯೂ ಮಾರ್ಫಿನ್ನಿಗೆ ಒಗ್ಗಿದ ಇಲಿಯ ಬೆನ್ನುಹುರಿಯಲ್ಲಿಯೂ ಒಂದೇ ಬಗೆಯ ಮಾರ್ಪಾಟುಗಳಿವೆಯೆಂದು ಮಾವೋ, ಪ್ರೈಸ್ ಮತ್ತು ಮೇಯರ್ ೧೯೯೦ರ ದಶಕದಲ್ಲಿ ತೋರಿಸಿದ ಮೇಲೆ ಈ ಭೇದವನ್ನು ಅಲಕ್ಷಿಸುವಂತಿಲ್ಲ. ಇಲಿಯ ಪ್ರಯೋಗ ವಾರದಲ್ಲಿ ಮುಗಿಯುತ್ತದೆ, ರೋಗಿಯ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ಅರ್ಬುದರೋಗಿಗೆ ಪ್ರಮಾಣ ಏರಿಸಬೇಕಾಗಿ ಬರುವುದು ಅನೇಕವೇಳೆ ಒಗ್ಗಿಕೆಯಿಂದಲ್ಲ, ರೋಗವು ಹರಡಿ ನೋವೇ ಹೆಚ್ಚಿದುದರಿಂದ. ಅಲ್ಲಿ ಒಗ್ಗಿಕೆಯನ್ನು ತಡೆಯುವ ಮದ್ದು ಎಷ್ಟು ಒಳ್ಳೆಯದಾದರೂ ತೋರಿಸಲು ಕೆಲಸವೇ ಇರುವುದಿಲ್ಲ.

ಇನ್ನೊಂದು ಮಾತು ಪ್ರಬಂಧಗಳಲ್ಲಿ ಕಾಣಸಿಗುವುದು ಅಪೂರ್ವ. ನಮ್ಮ ದೃಷ್ಟಿಯಲ್ಲಿ ಅದೇ ಗಂಭೀರವಾದುದು. ಮಾರ್ಫಿನ್ನಿನ ಎಲ್ಲ ಫಲಗಳಿಗೂ ದೇಹವು ಸಮನಾಗಿ ಒಗ್ಗುವುದಿಲ್ಲ. ಮಲಬದ್ಧತೆಗೂ ಕಣ್ಣಿನ ಪಾಪೆ ಕಿರಿದಾಗುವುದಕ್ಕೂ ಒಗ್ಗಿಕೆ ಬಲು ಅಲ್ಪ. ಓಕರಿಕೆಗೂ ಮಂಪರಿಗೂ ಬೇಗ. ಉಸಿರಾಟ ಕುಗ್ಗುವುದಕ್ಕೂ ದೇಹ ಒಗ್ಗುತ್ತದೆ, ಮತ್ತು ಆ ಒಗ್ಗಿಕೆಯೇ ಹೆಚ್ಚಿನ ಪ್ರಮಾಣ ಪಡೆಯುತ್ತಿರುವ ರೋಗಿಯ ಪ್ರಾಣವನ್ನು ಕಾಯುತ್ತಿರುತ್ತದೆ. ಸಹೌಷಧವೊಂದು ಒಗ್ಗಿಕೆಯನ್ನು ಇಡಿಯಾಗಿ ಅಳಿಸಿದರೆ ಆ ಕಾವಲೂ ಅಳಿಸಿಹೋದೀತು. ಬಹುಕಾಲ ಮದ್ದಿನಿಂದ ದೂರವಿದ್ದು ಮತ್ತೆ ಹಳೆಯ ಪ್ರಮಾಣಕ್ಕೆ ಕೈಹಾಕಿದ ವ್ಯಸನಿಗಳು ಉಸಿರು ನಿಂತು ಸಾಯುವುದು ಇದರ ಕ್ರೂರವಾದ ಉದಾಹರಣೆ. ಹೀಗಿದ್ದೂ ಸಹೌಷಧದ ಪ್ರಯೋಗಗಳಲ್ಲಿ ಬಾಲವನ್ನೂ ಪಾದವನ್ನೂ ಅಳೆದವರು ಅದೇ ಪ್ರಾಣಿಗಳ ಉಸಿರಾಟವನ್ನು ಅಳೆದುದು ವಿರಳ. ಆ ಅಳತೆಗೆ ಬೇಕಾದ ಉಪಕರಣ ದುರ್ಲಭವೇನಲ್ಲ. ಪ್ರಾಣಿಯನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಒತ್ತಡದ ಏರಿಳಿತದಿಂದ ಉಸಿರನ್ನು ಗುರುತಿಸುವ ವಿಧಾನ ಹಳೆಯದೇ ಆಗಿದೆ.

ಈ ಹಿನ್ನೆಲೆಯಲ್ಲಿ ೨೦೧೭ರಲ್ಲಿ ಸ್ಟ್ಯಾನ್‌ಫರ್ಡಿನ ಕಾರ್ಡರ್, ಷೆರೆರ್ ಮತ್ತು ಸಂಗಡಿಗರು ಪ್ರಕಟಿಸಿದ ಕೆಲಸ ಗಮನಾರ್ಹವಾಗಿದೆ. ನೋವಿನ ಸುದ್ದಿಯನ್ನು ಮೊದಲು ಹೊತ್ತುತರುವ ಹೊರವಲಯದ ನರಕೋಶಗಳಿಂದ ಮಾತ್ರ ಮಾರ್ಫಿನ್ನಿನ ಮ್ಯೂ ಗ್ರಾಹಕವನ್ನು ತೆಗೆದುಹಾಕಿದ ಸುಂಡಿಲಿಗಳಲ್ಲಿ ನೋವುಶಮನ ಉಳಿಯಿತು, ಒಗ್ಗಿಕೆ ಮೂಡಲಿಲ್ಲ. ಹಾಗಾದರೆ ಅಲ್ಲಿಯ ಗ್ರಾಹಕಗಳನ್ನು ಮದ್ದಿನಿಂದಲೇ ಮುಚ್ಚಬಹುದಲ್ಲವೆ ಎಂದು ಅವರು ಮೆಥಿಲ್‌ನಾಲ್ಟ್ರೆಕ್ಸೋನನ್ನು ಮಾರ್ಫಿನ್ನಿನ ಜೊತೆಗೆ ಕೊಟ್ಟರು. ಇದು ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟಲಾರದ ವಿರೋಧಿ. ಅಫೀಮುವರ್ಗದ ಮದ್ದುಗಳಿಂದಾಗುವ ಮಲಬದ್ಧತೆಗೆ ಆಗಲೇ ವೈದ್ಯರ ಕೈಯಲ್ಲಿದ್ದುದು. ಸುಂಡಿಲಿಗಳಲ್ಲಿ ಒಗ್ಗಿಕೆ ತಗ್ಗಿತು. ಇದರಲ್ಲಿ ನಮಗೆ ಮೆಚ್ಚಿಕೆಯಾದ ಅಂಶವೆಂದರೆ ಅವರು ನೋವಿಲ್ಲದ ಪ್ರಾಣಿಗಳಲ್ಲಿ ನಿಲ್ಲದೆ, ಶಸ್ತ್ರಗಾಯವಾದ ಹಾಗೂ ದೀರ್ಘಕಾಲದ ನೋವುಳ್ಳ ಪ್ರಾಣಿಗಳಲ್ಲಿಯೂ ಪರೀಕ್ಷಿಸಿದುದು. ಉಸಿರಾಟವನ್ನು ಆಳುವ ಕೇಂದ್ರಗಳು ಮಿದುಳಿನ ಕಾಂಡದಲ್ಲಿರುವುದರಿಂದ, ಅಲ್ಲಿಗೆ ಸುಲಭವಾಗಿ ತಲುಪದ ಸಹೌಷಧವು ಉಸಿರಾಟದ ಒಗ್ಗಿಕೆಯನ್ನು ಮುಟ್ಟದೆ ನೋವುಶಮನದ ಒಗ್ಗಿಕೆಯನ್ನು ಮಾತ್ರ ತಡೆಯಬಹುದೆಂದು ಊಹಿಸಲು ಅವಕಾಶವಿದೆ. ಆ ಊಹೆಯನ್ನು ಪರೀಕ್ಷಿಸಹೊರಡುವವರು ಮೊದಲ ದಿನದ ಅರ್ಧಫಲ ಪ್ರಮಾಣದಿಂದ ಆರಂಭಿಸಿ, ಗಂಡು ಹೆಣ್ಣು ಎರಡನ್ನೂ ಸೇರಿಸಿಕೊಂಡು, ಬಾಲದ ಪರೀಕ್ಷೆಯನ್ನೂ ಉಸಿರಾಟದ ಅಳತೆಯನ್ನೂ ಅದೇ ಪ್ರಾಣಿಯಲ್ಲಿ ಜೊತೆಜೊತೆಯಾಗಿ ನಡೆಸಬೇಕಾಗುತ್ತದೆ.